ಫೋನಿನ ಆರೋಗ್ಯ ಆ್ಯಪ್: ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು

ಕುಮಟಾದ ನನ್ನ ಔಷಧ ಅಂಗಡಿಗೆ ಕಳೆದ ಮಳೆಗಾಲದಲ್ಲಿ ಒಬ್ಬ ಹಿರಿಯರು ಬಂದರು. ಅಡಿಕೆ ತೋಟದವರು, ಆರು ವರ್ಷದಿಂದ ಬಿಪಿ ಮಾತ್ರೆಗೆ ನನ್ನಲ್ಲಿಗೇ ಬರುವವರು. ಆ ದಿನ ಚೀಟಿಯ ಬದಲು ಫೋನ್ ತೆಗೆದರು. ಹಿಂಬದಿಯ ಕ್ಯಾಮೆರಾದ ಮೇಲೆ ತೋರುಬೆರಳು ಒತ್ತಿ ಹಿಡಿದರು. ಪರದೆಯ ಮೇಲೆ ಕೆಂಪು ಅಲೆ ಓಡಿ, ಸ್ವಲ್ಪ ಹೊತ್ತಿಗೆ 122/79 ಎಂದು ಬಂತು. "ತಮಾ, ತಿಂಗಳಾಯ್ತು, ದಿನಾ ಇಷ್ಟೇ ತೋರಸ್ತದೆ. ಇನ್ನು ಮಾತ್ರೆ ಬಿಟ್ರೆ ಆಗ್ತದೆ ಅಲ್ವಾ?" ಎಂದು ಕೇಳಿದರು.

ಅವರನ್ನು ಕುರ್ಚಿಯಲ್ಲಿ ಕೂರಿಸಿ, ಐದು ನಿಮಿಷ ಬಿಟ್ಟು ತೋಳಿಗೆ ಬಿಪಿ ಯಂತ್ರದ ಪಟ್ಟಿ ಕಟ್ಟಿದೆ. 168/98. ಇನ್ನೊಮ್ಮೆ ನೋಡಿದರೆ 166/96. ಅದೇ ಫೋನಿನ ಮೇಲೆ ನನ್ನ ಬೆರಳಿಟ್ಟೆ, 121/80. ಅಂಗಡಿಯ ಹುಡುಗನಿಗೆ ಮಹಡಿಯ ಮೆಟ್ಟಿಲು ನಾಲ್ಕು ಸಲ ಹತ್ತಿಳಿದು ಬರಲು ಹೇಳಿ ಅವನ ಬೆರಳನ್ನೂ ಇಡಿಸಿದೆ, 123/79. ಹಿರಿಯರು ಅದಾಗಲೇ ಒಂದು ವಾರದಿಂದ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಿದ್ದರು. ಆ ಆ್ಯಪಿಗೆ ಪ್ಲೇ ಸ್ಟೋರಿನಲ್ಲಿ ನಾಲ್ಕೂವರೆ ಸ್ಟಾರ್ ಇತ್ತು.

"ಯಾವ ಆ್ಯಪ್ ಹಾಕಿಕೊಳ್ಳಲಿ?" ಎಂದು ಕೌಂಟರಿನಲ್ಲಿ ದಿನಕ್ಕೆ ಒಬ್ಬರಾದರೂ ಕೇಳುತ್ತಾರೆ. ಇದು ಅವರಿಗಾಗಿ ಬರೆದದ್ದು. 'ಇದೇ ಒಳ್ಳೆಯದು' ಎಂದು ಒಂದು ಹೆಸರು ಕೊಡುವುದಿಲ್ಲ. ಇಂದು ಚೆನ್ನಾಗಿರುವ ಆ್ಯಪ್ ಮುಂದಿನ ಅಪ್‌ಡೇಟಿಗೆ ಬೇರೆಯೇ ಆಗಿರಬಹುದು. ನಾನು ಬಳಸುವ ತಕ್ಕಡಿಯನ್ನು ಕೊಡುತ್ತೇನೆ: ಇದು ತಪ್ಪು ಹೇಳಿದರೆ ನನಗೆ ಏನಾದೀತು? ಹೆಜ್ಜೆ ಎಣಿಸುವ ಆ್ಯಪ್ ಇನ್ನೂರು ಹೆಜ್ಜೆ ಹೆಚ್ಚು ತೋರಿಸಿದರೆ ಯಾರಿಗೂ ನಷ್ಟವಿಲ್ಲ. ಬಿಪಿ ತಪ್ಪು ತೋರಿಸಿದರೆ ಪಾರ್ಶ್ವವಾಯು ಆಗಬಹುದು. ತಪ್ಪಿನ ಬೆಲೆ ಹೆಚ್ಚಿದಷ್ಟೂ ನಾವು ಕೇಳುವ ಸಾಕ್ಷಿಯೂ ಹೆಚ್ಚಬೇಕು.

ಸ್ಟಾರ್ ಮತ್ತು ಅಂಕ

ಆ್ಯಪ್ ಚೆಂದ ಕಂಡರೆ, ಜಾಹೀರಾತು ಕಾಡದಿದ್ದರೆ ಯಾರಾದರೂ ಐದು ಸ್ಟಾರ್ ಕೊಟ್ಟಾರು. ಅದು ಬಿಪಿಯನ್ನು ಸರಿಯಾಗಿ ತೋರಿಸಿತೇ ಎಂದು ಹೇಳಬೇಕಾದರೆ ಪಕ್ಕದಲ್ಲೇ ಪಟ್ಟಿ ಕಟ್ಟಿ ನೋಡಿರಬೇಕು. ಹಾಗೆ ನೋಡಿದವರು ಎಷ್ಟು ಜನ?

ಇದಕ್ಕೊಂದು ಕ್ರಮ ಬೇಕೆಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯ ಸಂಶೋಧಕರು 2015ರಲ್ಲಿ 'ಮೊಬೈಲ್ ಆ್ಯಪ್ ರೇಟಿಂಗ್ ಸ್ಕೇಲ್' ಎಂಬ ಅಳತೆಪಟ್ಟಿ ಮಾಡಿದರು. ಚಿಕ್ಕದಾಗಿ ಮಾರ್ಸ್ ಎನ್ನುತ್ತಾರೆ. ಅದರಲ್ಲಿ 23 ಪ್ರಶ್ನೆಗಳು, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಬಳಸುವವರ ಮನಸ್ಸನ್ನು ಹಿಡಿದಿಡುತ್ತದೆಯೇ, ತೊಡಕಿಲ್ಲದೆ ಕೆಲಸ ಮಾಡುತ್ತದೆಯೇ, ನೋಟಕ್ಕೆ ಹೇಗಿದೆ, ಮಾಹಿತಿ ಸರಿಯೇ ಎಂಬ ನಾಲ್ಕು ಭಾಗ, ಜೊತೆಗೆ ಬಳಸಿದವರ ಸ್ವಂತ ಅಭಿಪ್ರಾಯ. ಮರುವರ್ಷ ಸಾಮಾನ್ಯ ಬಳಕೆದಾರರಿಗೆಂದೇ 20 ಪ್ರಶ್ನೆಗಳ ಇನ್ನೊಂದು ರೂಪ ಬಂತು. ಎರಡು ಆ್ಯಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಇದು ಒಳ್ಳೆಯ ಚೌಕಟ್ಟು. ಆದರೆ ಯಾರಾದರೂ ಮಾರ್ಸ್ ಅಂಕ ತೋರಿಸಿದರೆ ಸರಾಸರಿಯನ್ನು ನೋಡಿ ಸುಮ್ಮನಾಗಬೇಡಿ, ಮಾಹಿತಿ ಭಾಗದ ಅಂಕವನ್ನು ಬೇರೆಯಾಗಿ ಕೇಳಿ. ನೋಟಕ್ಕೆ ಸಿಕ್ಕ ಐದು ಅಂಕ ಮಾಹಿತಿಗೆ ಸಿಕ್ಕ ಎರಡನ್ನು ಮುಚ್ಚಿಹಾಕಬಾರದು.

ಅಳೆಯುವವು: ಬೆರಳೋ, ಪಟ್ಟಿಯೋ

ಇಲ್ಲಿ ನನಗೆ ಎರಡು ಮಾತಿಲ್ಲ. ಫೋನಿನ ಕ್ಯಾಮೆರಾ ಬೆರಳ ತುದಿಯ ರಕ್ತದ ಬಡಿತವನ್ನು ಬೆಳಕಿನ ಏರಿಳಿತದಿಂದ ಗುರುತಿಸಬಲ್ಲದು, ಹಾಗಾಗಿ ನಾಡಿ ಎಣಿಕೆ ಹೆಚ್ಚುಕಡಿಮೆ ಸರಿ ಬರುತ್ತದೆ. ಆ ನಾಡಿ ಎಣಿಕೆಯ ನಂಬಿಕೆಯ ಮೇಲೆ ಬಿಪಿಯ ಅಂಕಿಯನ್ನೂ ಕೂರಿಸಿಬಿಡುತ್ತಾರೆ. ಅಮೆರಿಕದಲ್ಲಿ 'ಇನ್‌ಸ್ಟಂಟ್ ಬ್ಲಡ್ ಪ್ರೆಶರ್' ಎಂಬ ಆ್ಯಪ್ ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು, ಅದೂ ದುಡ್ಡು ಕೊಟ್ಟು ಕೊಳ್ಳುವ ಆ್ಯಪ್. ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯರು 85 ಜನರಲ್ಲಿ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಪಿ ನಿಜವಾಗಿ ಏರಿದ್ದವರಲ್ಲಿ ನೂರಕ್ಕೆ 77ಕ್ಕಿಂತ ಹೆಚ್ಚು ಮಂದಿಗೆ ಆ್ಯಪ್ 'ಏರಿಲ್ಲ' ಎಂದು ತೋರಿಸಿತ್ತು. ಅದೇ ವರ್ಷ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ನನ್ನ ಹಿರಿಯರಿಗೆ ಆದದ್ದೂ ಅದೇ: ಎಲ್ಲರಿಗೂ ಮಧ್ಯದ ಒಂದು ಅಂಕಿ, ಎಲ್ಲರಿಗೂ ನೆಮ್ಮದಿ.

ಮನೆಯಲ್ಲೇ ಪರೀಕ್ಷಿಸಲು ನಾನು ಮಾಡಿದ್ದೇ ಸಾಕು. ಮೂರು ವಯಸ್ಸಿನ ಮೂವರ ಬೆರಳಿಟ್ಟು ನೋಡಿ. ಒಬ್ಬರನ್ನು ಏರಿನಲ್ಲಿ ನಡೆಸಿ ಬಂದ ಕೂಡಲೇ ಹಿಡಿಸಿ. ಅಂಕಿ ಅಲ್ಲಾಡದಿದ್ದರೆ ಆ್ಯಪನ್ನು ತೆಗೆದುಹಾಕಿ. ಅಲ್ಲಾಡಿತೆಂದ ಮಾತ್ರಕ್ಕೆ ಸರಿ ಎಂದೂ ಅಲ್ಲ, ಪಟ್ಟಿಯ ಜೊತೆ ತಾಳೆಯಾಗಬೇಕು.

ತೋಳಿಗೆ ಕಟ್ಟುವ ಯಂತ್ರವನ್ನೇ ಕೊಳ್ಳಿ. ಮುಂಗೈಗೆ ಕಟ್ಟುವುದರಲ್ಲಿ ಕೈ ಎದೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕೆಳಗೆ ಆದರೂ ಅಂಕಿ ಜಾರುತ್ತದೆ. ಬ್ಲೂಟೂತ್ ಇರುವ ಯಂತ್ರಕ್ಕೆ ಹೆಚ್ಚು ದುಡ್ಡು ಕೊಡಬೇಕೇ ಎಂದು ಕೇಳುತ್ತಾರೆ. ಅಂಕಿಗಳನ್ನು ಬರೆದಿಡುವ ಅಭ್ಯಾಸ ಇರುವವರಿಗೆ ಬೇಡ. ಬರೆಯಲು ಬೇಸರ, ಕಣ್ಣು ಮಂಜು, ಮಗಳು ಬೆಂಗಳೂರಿನಲ್ಲಿ ಕೂತು ನೋಡಬೇಕು ಎಂದಿದ್ದರೆ ಆ ದುಡ್ಡು ದಂಡವಲ್ಲ. ಅಲ್ಲಿ ಆ್ಯಪ್ ಅಳೆಯುವುದಿಲ್ಲ, ಯಂತ್ರ ಅಳೆದದ್ದನ್ನು ಬರೆದಿಡುತ್ತದೆ ಅಷ್ಟೇ. ಅದೇ ಅದರ ಒಳ್ಳೆಯತನ. ಯಂತ್ರ ಯಾವುದಾದರೂ ಸರಿ, ಕೊಂಡ ವಾರದೊಳಗೆ ವೈದ್ಯರ ಬಳಿಗೆ ಒಯ್ದು ಅವರ ಯಂತ್ರದ ಜೊತೆ ತಾಳೆ ನೋಡಿ. ಅಳೆಯುವ ಅರ್ಧ ಗಂಟೆ ಮೊದಲು ಚಹಾ ಬೇಡ, ಎಲೆ ಅಡಿಕೆಯ ಕವಳವಂತೂ ಬೇಡವೇ ಬೇಡ. ನಮ್ಮ ಹಿರಿಯರು ಈಗ ಕ್ಯಾಲೆಂಡರಿನ ಮೇಲೆಯೇ ಅಂಕಿ ಬರೆಯುತ್ತಾರೆ, ತಿಂಗಳಿಗೊಮ್ಮೆ ಆ ಹಾಳೆ ಹರಿದುಕೊಂಡು ವೈದ್ಯರಲ್ಲಿಗೆ ಹೋಗುತ್ತಾರೆ.

ಸಕ್ಕರೆಯ ವಿಷಯದಲ್ಲೂ ಇದೇ ಆಸೆ ಹುಟ್ಟಿಸುತ್ತಿದ್ದಾರೆ. ಚುಚ್ಚದೆ ಶುಗರ್ ತೋರಿಸುತ್ತದೆ ಎಂದು ವಾಚು, ಉಂಗುರ ಮಾರಾಟಕ್ಕಿವೆ. ಅಂಥ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ತೋಳಿಗೆ ಅಂಟಿಸುವ ಸೆನ್ಸರ್ ಬೇರೆ, ಅದರ ಸಣ್ಣ ಎಳೆ ಚರ್ಮದೊಳಗೆ ಹೋಗಿರುತ್ತದೆ.

ಇನ್ನೊಂದು ಸಂಗತಿ, ಇದನ್ನು ಮರೆಯಲಾರೆ. ಇಂಗ್ಲೆಂಡಿನಲ್ಲಿರುವ ಮಗಳು ಅಲ್ಲಿಂದಲೇ ಕಳಿಸಿದ ಶುಗರ್ ಯಂತ್ರ, ಅದರದೇ ಆ್ಯಪ್. ಇಲ್ಲಿ ತಾಯಿ ಬೆಳಿಗ್ಗೆ ನೋಡಿಕೊಂಡು "ರಕ್ತ ಹನ್ನೊಂದು ಪಾಯಿಂಟ್ ಎರಡು ಉಂಟು, ಚಲೋ ಆಯ್ತು" ಎಂದು ಸಂತೋಷದಿಂದ ಹೇಳಿದರು. ಹಿಮೋಗ್ಲೋಬಿನ್ ಎಂದುಕೊಂಡಿದ್ದರು. ಅದು ಮಿಲಿಮೋಲ್ ಲೆಕ್ಕದ ಸಕ್ಕರೆ. ನಮ್ಮ ಲ್ಯಾಬಿನವರು ಬರೆಯುವ ಮಿಲಿಗ್ರಾಂ ಲೆಕ್ಕಕ್ಕೆ ತರಲು 18ರಿಂದ ಗುಣಿಸಬೇಕು: ಸುಮಾರು 200, ಅದೂ ಖಾಲಿ ಹೊಟ್ಟೆಯಲ್ಲಿ. ಯಾವ ಶುಗರ್ ಆ್ಯಪ್ ಹಾಕಿದರೂ ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಳತೆಯ ಲೆಕ್ಕ ನೋಡಿ. ಅದನ್ನು ಬದಲಿಸಲು ಬಿಡದ ಆ್ಯಪ್ ನಮ್ಮವರಿಗೆ ಬೇಡ.

ಮಾತ್ರೆ ನೆನಪಿಸುವವು

ಗಡಿಯಾರದ ಅಲಾರಾಂ, ನೆನಪಿಸುವ ಆ್ಯಪ್, ಏಳು ದಿನದ ಏಳು ಖಾನೆಯ ಮಾತ್ರೆ ಡಬ್ಬಿ. ಈ ಮೂರರಲ್ಲಿ ಒಂದನ್ನು ಆರಿಸಬೇಕು. ದಿನಕ್ಕೆ ಒಂದೆರಡು ಮಾತ್ರೆ, ದಿನವೂ ಅವೇ ಎಂದರೆ ಫೋನಿನ ಅಲಾರಾಂ ಮತ್ತು ಡಬ್ಬಿ ಸಾಕು. ಅಲಾರಾಂ ಬಡಿಯುತ್ತದೆ, ನುಂಗಿದಿರೋ ಇಲ್ಲವೋ ಎಂಬುದಕ್ಕೆ ಖಾಲಿ ಖಾನೆಯೇ ಸಾಕ್ಷಿ. ನೆಟ್‌ವರ್ಕ್ ಬೇಡ, ಖಾತೆ ತೆರೆಯುವುದು ಬೇಡ.

ಆ್ಯಪ್ ನಿಜಕ್ಕೂ ಬೇಕಾಗುವುದು ಡೋಸ್ ದಿನದಿಂದ ದಿನಕ್ಕೆ ಬದಲಾಗುವವರಿಗೆ. ಆದ್ದರಿಂದ ಆರಿಸುವಾಗ ಮನೆಯ ಅತಿ ಕಷ್ಟದ ಚೀಟಿಯನ್ನೇ ಅದರಲ್ಲಿ ಹಾಕಿ ನೋಡಿ. ಹೃದಯದ ಕವಾಟ ಬದಲಿಸಿಕೊಂಡವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಒಂದು ದಿನ 2 ಮಿ.ಗ್ರಾಂ, ಮರುದಿನ 3 ಮಿ.ಗ್ರಾಂ ಎಂದು ಬರೆದಿರುವುದುಂಟು. ಅದನ್ನು ಆ್ಯಪಿನಲ್ಲಿ ಹೇಳಲು ಆಗುತ್ತದೆಯೇ? ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಮ್ಮೆ ಮಾತ್ರ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಬರುತ್ತದೆ. 'ವಾರದ ಈ ದಿನ' ಎಂದು ಆರಿಸಲು ಬಿಡದ, ಎಲ್ಲವನ್ನೂ 'ದಿನಕ್ಕೆ ಎಷ್ಟು ಸಲ' ಎಂದೇ ಕೇಳುವ ಆ್ಯಪ್ ಎಷ್ಟೇ ಅಂದವಾಗಿರಲಿ, ಬಿಡಿ. ನಾನು ಆ ಮಾತ್ರೆಯ ಪೊಟ್ಟಣದ ಮೇಲೆ ವಾರದ ಹೆಸರನ್ನು ದೊಡ್ಡದಾಗಿ ಬರೆದೇ ಕೊಡುತ್ತೇನೆ. ಆ್ಯಪ್ ಅಷ್ಟಾದರೂ ಮಾಡಬೇಕು.

ಎರಡನೆಯ ಪರೀಕ್ಷೆ ರಾತ್ರಿಯದು. ಬ್ಯಾಟರಿ ಸೇವರ್ ಹಾಕಿ, ಏರೋಪ್ಲೇನ್ ಮೋಡಿಗೆ ತಂದು, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಬೆಳಗಿನ ಆರಕ್ಕೆ ಒಂದು ನೆನಪು ಇಟ್ಟು ಮಲಗಿ. ಬಡಿಯಿತೇ? ನನ್ನ ಅಮ್ಮನ ಥೈರಾಯ್ಡ್ ಮಾತ್ರೆಯ ಆ್ಯಪ್ ಫೋನಿನ ಅಪ್‌ಡೇಟ್ ಆದ ಮೇಲೆ ಎಂಟು ದಿನ ಸುಮ್ಮನಿತ್ತು. ಬ್ಯಾಟರಿ ಉಳಿಸಲು ಫೋನೇ ಅದನ್ನು ಮಲಗಿಸಿತ್ತು. ಅಮ್ಮ "ಅದು ಕೂಗಲಿಲ್ಲ, ಹಾಗಾಗಿ ನುಂಗಲಿಲ್ಲ" ಎಂದಳು. ನೆನಪಿನ ಕೆಲಸವನ್ನು ಒಮ್ಮೆ ಯಂತ್ರಕ್ಕೆ ಒಪ್ಪಿಸಿದ ಮೇಲೆ ಮನಸ್ಸು ಆ ಕೆಲಸ ಬಿಟ್ಟುಬಿಡುತ್ತದೆ. ಅದಕ್ಕೇ ಈ ಪರೀಕ್ಷೆಯನ್ನು ಪ್ರತಿ ಅಪ್‌ಡೇಟಿನ ನಂತರವೂ ಮಾಡಬೇಕು.

ಮಾತ್ರೆ ತಪ್ಪಿದರೆ ದೂರದ ಮಕ್ಕಳಿಗೆ ಸಂದೇಶ ಕಳಿಸುವ ಸೌಲಭ್ಯ ಚೆನ್ನಾಗಿಯೇ ಇದೆ. ಆದರೆ ಘಟ್ಟದ ಮೇಲಿನ ಒಂಟಿ ಮನೆಗಳಲ್ಲಿ ಸಿಗ್ನಲ್ ಹಿಡಿಯಲು ಗುಡ್ಡದ ನೆತ್ತಿಗೆ ಹೋಗಬೇಕಾದಲ್ಲಿ ಅದನ್ನು ನಂಬಿ ಕೂರಬೇಡಿ. ಅಪ್ಪ ಮಾತ್ರೆ ನುಂಗಿರುತ್ತಾರೆ, ಸಂದೇಶ ಹೋಗಿರುವುದಿಲ್ಲ, ಮಗ ಅಲ್ಲಿ ಗಾಬರಿಯಾಗಿರುತ್ತಾನೆ.

ಇನ್ಸುಲಿನ್ ಡೋಸ್ ಲೆಕ್ಕ ಹಾಕಿಕೊಡುವ ಆ್ಯಪ್‌ಗಳ ಬಗ್ಗೆ ಇಷ್ಟೇ ಹೇಳುತ್ತೇನೆ: ನಿಮ್ಮ ವೈದ್ಯರೇ ಹಾಕಿಕೊಟ್ಟು, ಎದುರಿಗೇ ಲೆಕ್ಕ ತಾಳೆ ನೋಡಿದ್ದರೆ ಮಾತ್ರ. 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಅಂಥ 46 ಆ್ಯಪ್‌ಗಳನ್ನು ನೋಡಿದ್ದರು. 31ರಲ್ಲಿ ತಪ್ಪು ಡೋಸ್ ಬರುವ ಅಪಾಯವಿತ್ತು. 42 ಆ್ಯಪ್‌ಗಳು ಹಾಕಿದ ಅಂಕಿ ಸಾಧ್ಯವೇ ಅಸಾಧ್ಯವೇ ಎಂದು ಪರಿಶೀಲಿಸುತ್ತಲೇ ಇರಲಿಲ್ಲ.

ಜ್ವರ ಬಂದಾಗ: ಲಕ್ಷಣ ಕೇಳುವ ಆ್ಯಪೋ, ವೈದ್ಯರನ್ನು ತೋರಿಸುವ ಆ್ಯಪೋ

ಲಕ್ಷಣ ಕೇಳಿ ರೋಗ ಹೇಳುವ ಆ್ಯಪ್‌ಗಳನ್ನು ತೂಗಲು ನಮ್ಮ ಉತ್ತರ ಕನ್ನಡ ಜಿಲ್ಲೆಯೇ ಒಳ್ಳೆಯ ಒರೆಗಲ್ಲು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರ ಕಡೆಯ ಕಾಡಂಚಿನವರಿಗೆ ಹೊಸದಲ್ಲ. ಉಣುಗು ಕಚ್ಚುವುದರಿಂದ ಬರುವ ಇದು ಚಳಿಗಾಲದಿಂದ ಬೇಸಿಗೆಯವರೆಗೆ ಕಾಣಿಸುತ್ತದೆ: ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಸ್ನಾಯುಗಳ ವಿಪರೀತ ನೋವು, ಕೆಲವರಿಗೆ ರಕ್ತಸ್ರಾವ. ಮಳೆಗಾಲಕ್ಕೆ ಕರಾವಳಿಯಲ್ಲಿ ಇಲಿಜ್ವರದ ಸರದಿ. ಗದ್ದೆಯ ನೀರಿಗಿಳಿದವರಿಗೆ ಮೀನಖಂಡ ಹಿಡಿದುಕೊಂಡು ನೋಯುತ್ತದೆ, ಕಣ್ಣು ಕೆಂಪಾಗುತ್ತದೆ.

ಆ್ಯಪ್ ತೆರೆದು ಈ ಲಕ್ಷಣಗಳನ್ನು ಹಾಕಿ. "ಸೊಪ್ಪು, ಕಟ್ಟಿಗೆ, ದರಕು ತರಲು ಕಾಡಿಗೆ ಹೋಗಿದ್ದಿರಾ? ಸುತ್ತ ಮಂಗ ಸತ್ತಿತ್ತೇ? ಗದ್ದೆಯಲ್ಲಿ ಕೆಲಸ ಮಾಡಿದಿರಾ?" ಎಂಬ ಬಗೆಯ ಒಂದಾದರೂ ಪ್ರಶ್ನೆ ಬಂತೇ ನೋಡಿ. ಬಹಳ ಸಲ ಬರುವುದು ಫ್ಲೂ, ವೈರಲ್ ಜ್ವರ, ವಿಶ್ರಾಂತಿ ತೆಗೆದುಕೊಳ್ಳಿ. ನಮ್ಮ ಆಶಾ ಕಾರ್ಯಕರ್ತೆಯರು ಮನೆಯಂಗಳದಲ್ಲೇ ನಿಂತು ಕೇಳುವ ಮೊದಲ ಪ್ರಶ್ನೆ ಆ್ಯಪಿಗೆ ಗೊತ್ತಿಲ್ಲದಿದ್ದರೆ, ಈ ನೆಲದ ಜ್ವರಕ್ಕೆ ಅದನ್ನು ನೆಚ್ಚಬಾರದು. ಜ್ವರಕ್ಕೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿ ಎನ್ನುವ ಆ್ಯಪನ್ನಂತೂ ಆ ಕ್ಷಣವೇ ಮುಚ್ಚಿ. ರಕ್ತಸ್ರಾವ ಆಗಬಹುದಾದ ಜ್ವರಗಳಲ್ಲಿ ಅವು ಅಪಾಯ. ಎದೆನೋವು, ಉಸಿರಾಟದ ಕಷ್ಟ, ಹಾವು ಕಡಿತ ಎಂದು ಹಾಕಿದಾಗ ಇನ್ನೂ ಹತ್ತು ಪ್ರಶ್ನೆ ಕೇಳುತ್ತಾ ಕೂರುವ ಆ್ಯಪ್ ಕೂಡ ಬೇಡ. ಅಲ್ಲಿ ಬರಬೇಕಾದ ಉತ್ತರ ಒಂದೇ, 108.

ವೈದ್ಯರನ್ನೇ ತೋರಿಸುವ ಆ್ಯಪ್‌ಗಳಲ್ಲಿ ಸರ್ಕಾರದ ಇ-ಸಂಜೀವಿನಿ ಒಂದು ಕಡೆ, ಖಾಸಗಿಯವು ಇನ್ನೊಂದು ಕಡೆ. ಇ-ಸಂಜೀವಿನಿಗೆ ದುಡ್ಡಿಲ್ಲ. ಮನೆಯಲ್ಲಿ ನೆಟ್ ಇಲ್ಲದವರು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯೇ ಬಿಪಿ ನೋಡಿ ವೈದ್ಯರ ಜೊತೆ ಮಾತಾಡಿಸುತ್ತಾರೆ. ನನ್ನ ಕಣ್ಣಿಗೆ ಇದೇ ಅದರ ದೊಡ್ಡ ಬಲ, ಪಕ್ಕದಲ್ಲಿ ಕೈ ಹಿಡಿದು ನೋಡುವವರು ಒಬ್ಬರು ಇರುತ್ತಾರೆ. ಖಾಸಗಿಯವುಗಳಲ್ಲಿ ಬೇಕಾದ ತಜ್ಞರು, ಬೇಕಾದ ಹೊತ್ತಿಗೆ ಸಿಗುವ ಅನುಕೂಲ ಇದೆ. ಹೃದಯಕ್ಕೋ ನರಕ್ಕೋ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಲಿಂ ಎಂದು ಅಲೆಯುವ ನಮ್ಮ ಜಿಲ್ಲೆಯವರಿಗೆ, ಒಮ್ಮೆ ಹೋಗಿ ತೋರಿಸಿದ ವೈದ್ಯರೇ ಮರುಭೇಟಿಗೆ ವಿಡಿಯೊದಲ್ಲಿ ಸಿಕ್ಕರೆ ಒಂದಿಡೀ ದಿನ ಉಳಿಯುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗ, ಕಾಯಂ ಮಾತ್ರೆಯ ಚೀಟಿ ಹಳೆಯದಾದವರಿಗೆ ಇದು ಎಂಥ ಉಪಕಾರ ಎಂಬುದು ನನಗೆ ಅರ್ಥವಾಯಿತು.

ಎರಡರಲ್ಲೂ ನೋಡಬೇಕಾದದ್ದು 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಇದೆ. ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಕೆಲವು ಔಷಧಗಳನ್ನು ಮೊದಲ ಸಲ ಬರೆಯಲು ವಿಡಿಯೊದಲ್ಲಿ ನೋಡಲೇಬೇಕು, ಅಮಲು ಬರಿಸುವ, ಚಟ ಹಿಡಿಸುವ ಔಷಧಗಳನ್ನು ಬರೆಯುವಂತೆಯೇ ಇಲ್ಲ. ಕೃತಕ ಬುದ್ಧಿಮತ್ತೆ ತಾನೇ ರೋಗಿಗೆ ಸಲಹೆ ಕೊಡುವುದಕ್ಕೂ ಔಷಧ ಬರೆಯುವುದಕ್ಕೂ ಅವಕಾಶವಿಲ್ಲ. ಮೂರು ಮೆಸೇಜಿಗೆ ಆ್ಯಂಟಿಬಯಾಟಿಕ್ ಬರೆದುಕೊಟ್ಟ, ನೋಂದಣಿ ಸಂಖ್ಯೆಯೇ ಇಲ್ಲದ ಚೀಟಿಗಳು ನನ್ನ ಕೌಂಟರಿಗೆ ಬಂದಿವೆ. ಕೊಡಲಿಲ್ಲ.

ಊಟ ಮತ್ತು ತೂಕ

ಇದು ಚಿಕ್ಕ ವಿಷಯ. ಹುಡುಕು ಎಂಬಲ್ಲಿ ಕುಚ್ಚಲಕ್ಕಿ ಗಂಜಿ, ಬಂಗಡೆ, ತಂಬುಳಿ, ತೊಡದೇವು ಎಂದು ಹಾಕಿ ನೋಡಿ. ಸಿಗದಿದ್ದರೆ ನೀವು 'ಬೇಯಿಸಿದ ಅನ್ನ ಒಂದು ಕಪ್' ಎಂದು ಒತ್ತುತ್ತೀರಿ, ಲೆಕ್ಕ ಅಲ್ಲಿಗೇ ಕೆಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕ ತಂದಿದೆ. ಅದನ್ನು ಆಧರಿಸಿದೆ ಎಂದು ಹೇಳಿಕೊಳ್ಳುವ ಆ್ಯಪಿಗೆ ನನ್ನ ಮೊದಲ ಒಲವು. ಇನ್ನೊಂದು: 160 ಸೆಂ.ಮೀ. ಎತ್ತರ, 61 ಕಿಲೊ ಎಂದು ಹಾಕಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, 23.8 ಬರುತ್ತದೆ. 'ಸಾಮಾನ್ಯ' ಎಂದರೆ ಅದು ಪಾಶ್ಚಾತ್ಯರ ಅಳತೆ. ನಮ್ಮವರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂಬ ಮಿತಿ ಇದೆ.

ದಾಖಲೆ ಮತ್ತು ಗುಟ್ಟು

ಕಾರವಾರದಲ್ಲಿ ಒಂದು ಫೈಲು, ಮಂಗಳೂರಿನಲ್ಲಿ ಇನ್ನೊಂದು, ಹುಬ್ಬಳ್ಳಿಯಲ್ಲಿ ಮತ್ತೊಂದು ಇರುವವರಿಗೆ ದಾಖಲೆ ಒಂದೆಡೆ ಇರುವುದು ದೊಡ್ಡ ವರ. ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯಾದ ಆಭಾದ 14 ಅಂಕಿಯ ಸಂಖ್ಯೆ ಇರುವುದು ಇದಕ್ಕೇ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಉಳಿಯುತ್ತದೆ, ನೀವು ಒಪ್ಪಿದಾಗ ಇನ್ನೊಂದು ಆಸ್ಪತ್ರೆಗೆ ಕಾಣುತ್ತದೆ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು. ಆಭಾ ಸಂಖ್ಯೆ ಬೇರೆ, ಐದು ಲಕ್ಷದ ಆಯುಷ್ಮಾನ್ ಕಾರ್ಡ್ ಬೇರೆ. ಆಭಾ ಮಾಡಿಸಿದ್ದೇವೆ, ಆಪರೇಷನ್ ಖರ್ಚು ಸಿಗುತ್ತದೆ ಎಂದು ನಂಬಿ ಹೊರಟವರನ್ನು ನೋಡಿ ನೊಂದಿದ್ದೇನೆ. ಆಸ್ಪತ್ರೆ ಆ ಜಾಲಕ್ಕೆ ಸೇರದಿದ್ದರೆ ಆಭಾ ಇದ್ದೂ ಖಾಲಿ. ಹಾಗಾಗಿ ಸದ್ಯಕ್ಕೆ ಎರಡೂ ಇರಲಿ: ಆಭಾ ಒಂದು, ತಾರೀಕು ಬರೆದು ಫೋಟೊ ತೆಗೆದಿಟ್ಟ ವರದಿಗಳ ಫೋಲ್ಡರ್ ಒಂದು.

ಅನುಮತಿ ಕೇಳುವ ಪರದೆಯಲ್ಲಿ ಆ್ಯಪಿನ ಗುಣ ಅರ್ಧ ಗೊತ್ತಾಗುತ್ತದೆ. ಬಿಪಿ ಬರೆದಿಡುವ ಆ್ಯಪಿಗೆ ನಿಮ್ಮ ಕಾಂಟ್ಯಾಕ್ಟ್ಸ್ ಯಾಕೆ? ಮಾತ್ರೆ ನೆನಪಿಸಲು ನೀವು ಎಲ್ಲಿದ್ದೀರಿ ಎಂಬುದು ಯಾಕೆ? ಬೇಡ ಎಂದು ಒತ್ತಿ. ಆಮೇಲೂ ಕೆಲಸ ಮಾಡಿದರೆ ಇಟ್ಟುಕೊಳ್ಳಿ, ಮುನಿಸಿಕೊಂಡು ನಿಂತರೆ ತೆಗೆಯಿರಿ. ಮುಟ್ಟಿನ ದಿನ ಬರೆದಿಡುವ ಆ್ಯಪ್‌ಗಳಲ್ಲಿ ಇನ್ನೂ ಎಚ್ಚರ ಬೇಕು. 'ಫ್ಲೋ' ಎಂಬ ಹೆಸರಾಂತ ಆ್ಯಪ್ ಗುಟ್ಟಾಗಿಡುತ್ತೇವೆ ಎಂದು ಮಾತು ಕೊಟ್ಟು, ಹೆಣ್ಣುಮಕ್ಕಳ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳೊಡನೆ ಹಂಚಿಕೊಂಡಿದೆ ಎಂದು ಫೆಡರಲ್ ಟ್ರೇಡ್ ಕಮಿಷನ್ ದೂರಿತ್ತು. 2021ರಲ್ಲಿ ಅದು ಇತ್ಯರ್ಥವಾಯಿತು. ಮಗಳ ಫೋನಿಗೆ ಹಾಕುವುದಾದರೆ ಖಾತೆ ಕೇಳದ, ಮಾಹಿತಿಯನ್ನು ಫೋನಿನೊಳಗೇ ಇಡುವ ಆ್ಯಪ್ ಆರಿಸಿ. ಇಲ್ಲವೇ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ಚುಕ್ಕೆ ಸಾಕು.

ಬೇಡವೆನಿಸಿದ ಆ್ಯಪನ್ನು ತೆಗೆಯುವಾಗ ಬರೇ ಅನ್‌ಇನ್‌ಸ್ಟಾಲ್ ಮಾಡಿದರೆ ನಿಮ್ಮ ಮಾಹಿತಿ ಅವರಲ್ಲೇ ಉಳಿಯುತ್ತದೆ. ಮೊದಲು ನಿಮ್ಮ ಅಂಕಿಗಳನ್ನು ಪಿಡಿಎಫ್ ಮಾಡಿ ಇಳಿಸಿಕೊಳ್ಳಿ, ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಯನ್ನೇ ಅಳಿಸಿ, ಕೊನೆಗೆ ಆ್ಯಪ್ ತೆಗೆಯಿರಿ. ಖಾತೆ ಅಳಿಸುವ ಗುಂಡಿ ಎಲ್ಲಿದೆ ಎಂದು ಆ್ಯಪ್ ಹಾಕಿಕೊಂಡ ದಿನವೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಸಿಗದಿದ್ದರೆ ನಿಮ್ಮ ಹೆಸರು, ವಯಸ್ಸು, ಕಾಯಿಲೆ ಯಾವುದನ್ನೂ ಅದರಲ್ಲಿ ತುಂಬಬೇಡಿ.